ಎರಡು ಹೊಗೆ

ಈ ನದಿಯನ್ನು ಬಿಗ್ ಸ್ಯಾಲಿ ಎಂದು ಕರೆಯೋಣ. ಅದರ ನಿಜವಾದ ಹೆಸರು ಬೇರೆ, ಅದನ್ನು ನಾನು ಹೇಳುವುದಿಲ್ಲ. ಮಿಸೂರಿಯ ಓಝಾರ್ಕ್ ಗುಡ್ಡಗಳಲ್ಲಿ ಇಂಥ ನದಿಗಳು ಬೇಕಾದಷ್ಟಿವೆ. ಹುಡುಕಿಕೊಂಡು ಹೊರಟರೆ ನಿಮ್ಮ ಕಾಲು ನೋಯುತ್ತದೆ ಅಷ್ಟೆ. ಜೆಲ್ಲತ್ತೆಯ ಕತೆ ಹೇಳಬೇಕೆಂದು ಬಹಳ ದಿನದಿಂದ ಮನಸ್ಸು ತುಡಿಯುತ್ತಿದೆ. ಆದರೆ ಅವಳ ಮಡು ಎಲ್ಲಿದೆ ಎಂದು ಬಾಯಿತಪ್ಪಿ ಹೇಳಿಬಿಟ್ಟರೆ ಗೋರಿಯಿಂದ ಎದ್ದು ಬಂದು ನನ್ನ ಕಿವಿ ಹಿಂಡುವ ಹೆಂಗಸು ಅವಳು.

ಜೆಲ್ಲಾ ಕ್ರ್ಯಾಬ್‌ಟ್ರೀ ನನಗೆ ನೆಂಟಳಲ್ಲ. ನಮ್ಮ ಕಡೆ ವಯಸ್ಸಾದ ಹೆಂಗಸರೆಲ್ಲ ಅತ್ತೆಯರೇ. ನಾನು ಡಾಯ್ಲ್ ಪ್ರೂಯೆಟ್. ಬೇಸಿಗೆಯಲ್ಲಿ ಪೇಟೆಯವರಿಗೆ ದೋಣಿ ಬಾಡಿಗೆಗೆ ಕೊಟ್ಟು, ಹಳೆಯ ಶಾಲಾ ಬಸ್ಸಿನಲ್ಲಿ ಅವರನ್ನು ನದಿಯ ಮೇಲ್ಭಾಗಕ್ಕೆ ಒಯ್ದು ಬಿಡುತ್ತೇನೆ. ಸಂಜೆ ಕೆಳಗಿನ ಸೇತುವೆಯ ಹತ್ತಿರ, ಬಿಸಿಲಿಗೆ ಬೆಂದು ಕೆಂಪಾಗಿ ನಿಂತಿರುವ ಅವರನ್ನೇ ಮತ್ತೆ ತುಂಬಿಕೊಂಡು ಬರುತ್ತೇನೆ. ಚಳಿಗಾಲದಲ್ಲಿ ಸೌದೆ ಸೀಳಿ ಮಾರುತ್ತೇನೆ. ಹೀಗಾಗಿ ಜೆಲ್ಲತ್ತೆಯ ಎರಡು ಮುಖವನ್ನೂ ನನ್ನಷ್ಟು ನೋಡಿದವರಿಲ್ಲ.

ಬೇಸಿಗೆಯ ಜೆಲ್ಲತ್ತೆ ಎಂದರೆ ಮಾತಿನ ಮಲ್ಲಿ. ಅವಳ ಮನೆ ನದಿಯ ತಿರುವಿನಲ್ಲಿತ್ತು. ದೋಣಿಯಲ್ಲಿ ಹೋಗುವವರನ್ನು ಕೂಗಿ ಕರೆದು, ಜಗುಲಿಯಲ್ಲಿ ಕೂರಿಸಿ, ಕಾಡುಹಣ್ಣಿನ ಪೈ ತಿನ್ನಿಸಿ, ಅವರ ಮನೆಮಾರು ಮಕ್ಕಳುಮರಿ ಎಲ್ಲ ವಿಚಾರಿಸಿಕೊಂಡೇ ಕಳಿಸುವಳು. ನನ್ನ ಗಿರಾಕಿಗಳು ಸೇತುವೆ ತಲುಪುವುದು ತಡವಾದರೆ ನಾನು ನದಿಗೆ ಬಯ್ಯುತ್ತಿರಲಿಲ್ಲ, ಜೆಲ್ಲತ್ತೆಗೆ ಬಯ್ಯುತ್ತಿದ್ದೆ.

ಸಿಕಮೋರ್ ಮರದ ಎಲೆ ಉದುರಿದ್ದೇ ತಡ, ಅವಳ ಗೇಟಿಗೆ ಸರಪಳಿ ಬೀಳುತ್ತಿತ್ತು. ಆಮೇಲೆ ವಸಂತದಲ್ಲಿ ಡಾಗ್‌ವುಡ್ ಹೂ ಬಿಡುವ ತನಕ ಒಳಗೆ ಒಂದು ನರಪಿಳ್ಳೆಗೂ ಪ್ರವೇಶವಿಲ್ಲ. ಪಾದ್ರಿ ಬಂದರೂ ಗೇಟಿನ ಆಚೆಯೇ ಪ್ರಾರ್ಥನೆ ಮುಗಿಸಿ ಹೋಗಬೇಕು. ನನ್ನ ಸೌದೆಯೂ ಗೇಟಿನ ಹತ್ತಿರವೇ ಇಳಿಯಬೇಕು.

"ಅತ್ತೆ, ಸರಪಳಿ ತೆಗಿ. ಮನೆ ಹಿಂದೆ ಒಟ್ಟಿ ಹೋಗ್ತೀನಿ. ಈ ವಯಸ್ಸಲ್ಲಿ ಕೈಗಾಡಿ ತಳ್ತೀಯಾ?"

"ನನ್ನ ವಯಸ್ಸು ನಾನು ನೋಡ್ಕೋತೀನಿ. ನೀನು ಸೌದೆ ಇಳಿಸಿ ಜಾಗ ಖಾಲಿ ಮಾಡು."

"ಒಳಗೇನು ಚಿನ್ನ ಹೂತಿದೀಯಾ?"

"ಹೂತಿದೀನಿ. ನಿನ್ನಂಥವರ ನಾಲಿಗೆ ಕತ್ತರಿಸಿ ಕತ್ತರಿಸಿ ಹೂತಿದೀನಿ."

ಊರಿನ ಬಾಯಿಗೆ ಬೀಗ ಉಂಟೇ? ಒಳಗೆ ಕಳ್ಳಭಟ್ಟಿ ಇಳಿಸುತ್ತಾಳೆ ಎಂದವರಿದ್ದರು. ಸತ್ತ ಗಂಡ ಆರ್ವೆಲ್ ಚಳಿಗಾಲಕ್ಕೆ ಎದ್ದು ಬರುತ್ತಾನೆ, ಅವನಿಗೆ ಅಡುಗೆ ಮಾಡಿ ಬಡಿಸುತ್ತಾಳೆ ಎಂದವರೂ ಇದ್ದರು. ನಾನಂತೂ ಇದು ಬರೀ ಕೊಬ್ಬು ಎಂದುಕೊಂಡಿದ್ದೆ.

ನಿಜ ಸಂಗತಿ ನನಗೆ ತಿಳಿದದ್ದು ಬಹಳ ತಡವಾಗಿ. ನಿಮಗೆ ಈಗಲೇ ಹೇಳಿಬಿಡುತ್ತೇನೆ, ಯಾಕೆಂದರೆ ಅದಿಲ್ಲದೆ ಈ ಹೆಂಗಸು ಅರ್ಥವಾಗುವುದಿಲ್ಲ. ಅದಕ್ಕೆ ಮೊದಲು ಮೀನಿನ ವಿಷಯ ಹೇಳಬೇಕು.

ನಮ್ಮ ನದಿಯ ಹೆಮ್ಮೆಯೆಂದರೆ ಸ್ಮಾಲ್‌ಮೌತ್ ಬಾಸ್. ಮೈ ಹಳೆಯ ಕಂಚಿನ ಬಣ್ಣ, ಕಣ್ಣು ಕೆಂಪು. ನಾವು ಸುಮ್ಮನೆ ಕಂದುಮೀನು ಅನ್ನುತ್ತೇವೆ. ಬೇಸಿಗೆಯಲ್ಲಿ ನೋಡಿದರೆ ಇದಕ್ಕೆ ಬಂಧುಬಳಗವೇ ಇಲ್ಲವೇನೋ ಅನ್ನಿಸುತ್ತದೆ. ಜಲ್ಲಿಯ ಮೇಲೆ ನೊರೆಯೆದ್ದು ಓಡುವ ತಿಳಿನೀರಿನಲ್ಲಿ ಒಂದೊಂದು ಬಂಡೆಯ ಮರೆಗೆ ಒಂದೊಂದು. ಕಲ್ಲಿನಡಿಯ ಸಿಗಡಿ ಹಿಡಿದು ತಿನ್ನುತ್ತದೆ, ತನ್ನ ಬಂಡೆಯ ಹತ್ತಿರ ಬಂದವರನ್ನು ಅಟ್ಟುತ್ತದೆ. ಎಲೆ ಉದುರುವ ಹೊತ್ತಿಗೆ ಹೊಟ್ಟೆ ಬಿರಿಯುವಂತೆ ತಿಂದು, ನೀರು ತಣ್ಣಗಾದಂತೆ ಒಂದೊಂದಾಗಿ ತಮ್ಮ ಬಂಡೆಗಳನ್ನು ಬಿಟ್ಟು ಹೊರಡುತ್ತವೆ. ಮೈಲಿಗಟ್ಟಲೆ ಈಜಿ ಎಲ್ಲವೂ ಸೇರುವುದು ಒಂದೇ ಆಳವಾದ ಮಡುವಿಗೆ. ವರ್ಷ ವರ್ಷವೂ ಅದೇ ಮಡು, ಹೆಣ್ಣುಮಕ್ಕಳು ತವರಿಗೆ ಬಂದ ಹಾಗೆ. ಅಲ್ಲಿ ತಳದ ಬಂಡೆಗಳ ನಡುವೆ ಒಂದಕ್ಕೊಂದು ಮೈತಾಗಿಸಿ ತಿಂಗಳುಗಟ್ಟಲೆ ಬಿದ್ದಿರುತ್ತವೆ. ಊಟವೂ ಅಷ್ಟಕ್ಕಷ್ಟೆ, ಜಗಳವಂತೂ ಇಲ್ಲವೇ ಇಲ್ಲ. ಡಾಗ್‌ವುಡ್ ಹೂ ಬಿಟ್ಟಾಗ ಮತ್ತೆ ಚದುರುತ್ತವೆ. ಗಂಡು ಜಲ್ಲಿಯನ್ನು ಬಾಲದಿಂದ ಗುಡಿಸಿ ತಟ್ಟೆಯಗಲ ಜಾಗ ಮಾಡುತ್ತದೆ, ಹೆಣ್ಣು ಮೊಟ್ಟೆಯಿಟ್ಟು ತನ್ನ ದಾರಿ ಹಿಡಿಯುತ್ತದೆ. ಮರಿ ಈಜುವ ತನಕ ಉಪವಾಸ ಬಿದ್ದು ಕಾಯುವುದು ಗಂಡು. "ಮೀನಲ್ಲಿ ಗಂಡು ಕಾಯತ್ತೆ. ನಮ್ಮಲ್ಲಿ ನೋಡು, ಎಲ್ಲ ಉಲ್ಟಾ," ಎಂದು ಜೆಲ್ಲತ್ತೆ ಆಗಾಗ ಅನ್ನುತ್ತಿದ್ದಳು. ನಾನು ಅದನ್ನು ತಮಾಷೆ ಎಂದುಕೊಂಡು ನಗುತ್ತಿದ್ದೆ.

ಇದರಲ್ಲಿ ಅಪಾಯ ಎಲ್ಲಿದೆ ಎಂದು ನಿಮಗೆ ಹೊಳೆದಿರಬೇಕು. ಚಳಿಗಾಲದ ಮಡು ಯಾವುದು ಎಂದು ಗೊತ್ತಾದವನು ಇಡೀ ನದಿಯನ್ನು ಒಂದೇ ಕಡೆ ನಿಂತು ಬರಿದು ಮಾಡಬಹುದು.

ಹಾಗೆ ಆಗಿಯೂ ಇತ್ತು. ಜನವರಿಯಲ್ಲಿ ನಮ್ಮಲ್ಲಿ ಈಟಿಬೇಟೆ. ಚಪ್ಪಟೆ ದೋಣಿಯ ಮೂತಿಯಲ್ಲಿ ನಿಂತು, ಗಾಜಿನಂಥ ನೀರಿನಲ್ಲಿ ಕಾಣುವ ಸಕರ್ ಮೀನನ್ನು ಉದ್ದನೆಯ ಈಟಿಯಿಂದ ಚುಚ್ಚಿ ಎತ್ತುತ್ತೇವೆ. ಅದರಲ್ಲಿ ಮುಳ್ಳು ಜಾಸ್ತಿ. ಮೈತುಂಬ ಗೀರು ಹಾಕಿ, ಜೋಳದ ಹಿಟ್ಟಿನಲ್ಲಿ ಹೊರಳಿಸಿ, ನದಿಯ ಜಲ್ಲಿದಂಡೆಯ ಮೇಲೆಯೇ ಹಂದಿಕೊಬ್ಬಿನಲ್ಲಿ ಕರಿದು, ಊರಿಗೆ ಊರೇ ನಿಂತು ತಿನ್ನುತ್ತದೆ. ಕಂದುಮೀನಿಗೆ ಮಾತ್ರ ಈಟಿ ಹಾಕುವಂತಿಲ್ಲ. ಕಾನೂನಿನ ಮಾತು ಅತ್ಲಾಗಿರಲಿ, ಹಾಗೆ ಮಾಡಿದವನಿಗೆ ನಮ್ಮಲ್ಲಿ ಯಾರೂ ಒಂದು ಲೋಟ ಕಾಫಿ ಕೊಡುವುದಿಲ್ಲ.

ಆಗ ಆ ಊಟ ನಡೆಯುತ್ತಿದ್ದದ್ದು ಆರ್ವೆಲ್ ಕ್ರ್ಯಾಬ್‌ಟ್ರೀಯ ದಂಡೆಯಲ್ಲಿ. ಒಂದು ವರ್ಷ ಚಳಿ ವಿಪರೀತವಾಗಿ ನದಿ ಅಂಚಿನಿಂದ ಹೆಪ್ಪುಗಟ್ಟುತ್ತ ಬಂತು, ಸಕರ್ ಸಿಗಲಿಲ್ಲ. ವಿಸ್ಕಿ ಮಾತ್ರ ಬೇಕಾದಷ್ಟಿತ್ತು. ನಾಲ್ಕಾರು ಜನ ದೋಣಿಯನ್ನು ಬಂಡೆಗೋಡೆಯ ಕೆಳಗಿನ ಮಡುವಿಗೆ ತಿರುಗಿಸಿದರು. ತಳದಲ್ಲಿ ಕಪ್ಪಗೆ ಮಲಗಿದ್ದ ರಾಶಿಯನ್ನು ನೋಡಿ ಅವರಿಗೆ ತಲೆ ಕೆಟ್ಟಿತು. ಗೋಣಿಚೀಲ ತುಂಬಿದ್ದು ಕಂದುಮೀನು ಎಂದು ಆಮೇಲೆ ಗೊತ್ತಾಯಿತು ಎಂದರು. ಸುಳ್ಳು, ಮೊದಲ ಈಟಿಗೇ ಗೊತ್ತಾಗಿರುತ್ತದೆ. ಮುಂದಿನ ಬೇಸಿಗೆಯಲ್ಲಿ ಮೇಲೆ ಹತ್ತು ಮೈಲಿ ಕೆಳಗೆ ಹತ್ತು ಮೈಲಿ ನದಿ ಸತ್ತಂತಿತ್ತು. ಬಂಡೆಗಳಿದ್ದವು, ನೀರಿತ್ತು, ಮೀನಿರಲಿಲ್ಲ. ಮತ್ತೆ ಮೀನು ಕಾಣಲು ಎಷ್ಟೋ ವರ್ಷ ಬೇಕಾದವು.

ಅಷ್ಟರಲ್ಲಿ ಒಂದು ದೊಡ್ಡ ನೆರೆ ಬಂದು ನದಿ ಪಾತ್ರ ಬದಲಿಸಿತು. ಹಳೆಯ ತಿರುವು ಮನೆಯ ಹಿಂದೆ ಪಕ್ಕಕ್ಕೆ ಉಳಿಯಿತು. ಆರ್ವೆಲ್ ಇದೇ ಸಮಯವೆಂದು ಅದರ ಬಾಯಿಗೆ ದೊಡ್ಡ ಸಿಕಮೋರ್ ಮರ ಕಡಿದು ಕೆಡವಿದ. ಮೀನು ನುಸುಳಬಹುದು, ದೋಣಿ ಹೋಗುವಂತಿಲ್ಲ. "ಮಡು ಮುಚ್ಚಿಹೋಯ್ತು, ಬರೀ ಜಲ್ಲಿ, ನಾಯಿ ಕಾಲು ನೆನೆಯೋಷ್ಟೂ ನೀರಿಲ್ಲ," ಎಂದು ಊರೆಲ್ಲ ಸಾರಿದ. ಜನ ನಂಬಿದರು. ಬೇಸಿಗೆಯಲ್ಲಿ ಎಲೆಯ ಮರೆ ಇತ್ತು. ಚಳಿಗಾಲದಲ್ಲಿ ಮಾತ್ರ ಮರಗಳು ಬೋಳಾಗಿ, ಜೆಲ್ಲತ್ತೆಯ ಹಿತ್ತಲಿಗೆ ಬಂದವನಿಗೆ ಹಸಿರು ನೀರು ಕಣ್ಣಿಗೆ ಹೊಡೆಯುತ್ತಿತ್ತು. ಅಷ್ಟೇ ಅಲ್ಲ, ಆ ಮಡುವಿನ ತಳದಲ್ಲಿ ಒರತೆಯಿದೆ. ಬೇಸಿಗೆಗೆ ತಣ್ಣಗಿರುವ ಅದೇ ನೀರು ಚಳಿಗಾಲಕ್ಕೆ ಉಗುರುಬೆಚ್ಚಗಿರುತ್ತದೆ, ಕೊರೆಯುವ ಬೆಳಿಗ್ಗೆಗಳಲ್ಲಿ ಅದರಿಂದ ಹಬೆ ಏಳುತ್ತದೆ. ದೂರದಿಂದ ನೋಡಿದವರು ಅದನ್ನು ಜೆಲ್ಲತ್ತೆಯ ಒಲೆಯ ಹೊಗೆ ಎಂದುಕೊಳ್ಳುತ್ತಿದ್ದರು. ಆರ್ವೆಲ್‌ನ ಧೈರ್ಯವೆಲ್ಲ ಅದೇ.

ಹಾಗಾಗಿ ಸರಪಳಿ. ಆರ್ವೆಲ್ ಸಾಯುವಾಗ ಅವಳಿಂದ ಮಾತು ತೆಗೆದುಕೊಂಡ: ಚಳಿಗಾಲದಲ್ಲಿ ಯಾರೂ ಒಳಗೆ ಬರಕೂಡದು. ಮಕ್ಕಳಿಲ್ಲದ ಮನೆ. ಅವಳು ಮಾತು ಕೊಟ್ಟಳು, ಉಳಿಸಿಕೊಂಡಳು. ಮೀನೆಲ್ಲ ಚದುರಿ ಒಂಟಿಯಾದಾಗ ಅವಳಿಗೆ ಜನ. ಮೀನೆಲ್ಲ ಒಟ್ಟಾದಾಗ ಅವಳು ಒಂಟಿ. "ಹಿಮ ಬಿದ್ದ ದಿನ ನನ್ನ ಧ್ವನಿ ನನಗೇ ಮರ್ತುಹೋಗ್ತಿತ್ತು ಕಣೋ. ಹಿತ್ತಲಿಗೆ ಹೋಗಿ ಮೀನಿಗೆ ಗುಡ್ ಮಾರ್ನಿಂಗ್ ಹೇಳ್ತಿದ್ದೆ. ಒಂದಾದ್ರೂ ತಲೆ ಎತ್ತಿ ನೋಡ್ಬೇಕಲ್ಲ, ಇಲ್ಲ," ಎಂದು ಕೊನೆಗಾಲದಲ್ಲಿ ನನಗೆ ಹೇಳಿದಳು.

ಇನ್ನು ಹರ್ಶೆಲ್ ಟಟಲ್. ನದಿಯ ಆಚೆಯ ಏರಿನ ಮೇಲೆ ಅವನ ಮನೆ. ಹೆಂಡತಿ ಸತ್ತು ಬಹಳ ವರ್ಷವಾಗಿತ್ತು. ಕ್ರ್ಯಾಬ್‌ಟ್ರೀಯವರ ದಂಡೆ ಮುಚ್ಚಿದ ಮೇಲೆ ಜನವರಿಯ ಊಟ ನಡೆಯುತ್ತಿದ್ದದ್ದು ಇವನ ದಂಡೆಯಲ್ಲೇ. ಒಂದು ಕಾಲದಲ್ಲಿ ಈಟಿ ಹಾಕುವುದರಲ್ಲಿ ಅವನಿಗೆ ಸಮನಿರಲಿಲ್ಲವಂತೆ. ನಾನು ಕಂಡಾಗಿನಿಂದ ಅವನು ಈಟಿ ಮುಟ್ಟಿದ್ದೇ ಇಲ್ಲ. ಭುಜ ನೋವು ಎನ್ನುತ್ತಿದ್ದ. ಬಾಣಲೆಯ ಮುಂದೆ ನಿಂತು ಕರಿಯುವುದಷ್ಟೇ ಅವನ ಕೆಲಸ. ಆ ಹಾಳು ಚಳಿಗಾಲದಲ್ಲಿ ಮಡುವಿಗೆ ದೋಣಿ ತಿರುಗಿಸಿದವರಲ್ಲಿ ಅವನೂ ಒಬ್ಬ. ಅವನ ಈಟಿಯ ತುದಿಯಲ್ಲಿ ಕಂದುಮೀನು ಒದ್ದಾಡುವುದನ್ನು ಆರ್ವೆಲ್ ಕಣ್ಣಾರೆ ಕಂಡಿದ್ದ, ಸಾಯುವ ತನಕ ಅವನ ಜೊತೆ ಮಾತು ಬಿಟ್ಟಿದ್ದ.

ಆರ್ವೆಲ್ ಸತ್ತ ಮೇಲೆ ಹರ್ಶೆಲ್ ಬೇಸಿಗೆಯಲ್ಲಿ ಜೆಲ್ಲತ್ತೆಯ ಜಗುಲಿಗೆ ಬರತೊಡಗಿದ. ಟೊಮೆಟೊ ತರುವನು, ಹರಿದ ಸೊಳ್ಳೆಪರದೆ ಸರಿಮಾಡುವನು, ಸುಮ್ಮನೆ ಕೂತು ಪೈ ತಿನ್ನುವನು. ಊರು ನಕ್ಕಿತು. ಜೆಲ್ಲತ್ತೆಗೆ ಅವನು ಬೇಕಾಗಿದ್ದ. ಇದನ್ನು ನಾನು ಊಹಿಸಿ ಹೇಳುತ್ತಿಲ್ಲ. ಅವನ ಗಾಡಿಯ ಸದ್ದು ಕೇಳಿದೊಡನೆ ಅವಳು ಏಪ್ರನ್ ಬಿಚ್ಚಿ ಎಸೆದು ಕೂದಲು ಸರಿಮಾಡಿಕೊಳ್ಳುವುದನ್ನು ಎಷ್ಟು ಸಲ ನೋಡಿದ್ದೇನೆ.

ಒಂದು ಅಕ್ಟೋಬರ್ ಸಂಜೆ ನಾನೂ ಅಲ್ಲಿದ್ದೆ. ಹರ್ಶೆಲ್ ಆ ವರ್ಷದ ಕೊನೆಯ ಟೊಮೆಟೊ ಮೇಜಿನ ಮೇಲಿಟ್ಟು ಟೋಪಿ ತೆಗೆದ.

"ಜೆಲ್ಲಾ, ಈ ಸಲ ಸರಪಳಿ ಹಾಕ್ಬೇಡ."

"ಯಾಕಂತೆ?"

"ನನಗೆ ಆ ಮನೇಲಿ ಒಬ್ನೇ ಕೂತು ಸಾಕಾಗಿದೆ. ನಿನಗೂ ಸಾಕಾಗಿರತ್ತೆ. ಮಧ್ಯಾಹ್ನ ಬರ್ತೀನಿ, ಒಂದು ಕಾಫಿ ಕುಡೀತೀನಿ, ಹೋಗ್ತೀನಿ. ಮದ್ವೆ ಆಗು ಅಂದ್ರೆ ನೀನು ಪೊರಕೆ ತಗೋತೀಯ, ಅದನ್ನ ಕೇಳಲ್ಲ."

"ಕಾಫಿ ನಿನ್ ಮನೇಲೂ ಇದೆಯಲ್ಲ."

"ಇದೆ. ಅದು ಮಾತಾಡಲ್ಲ."

ನಾನು ನಗಬೇಕೆಂದಿದ್ದವನು ಅವಳ ಮುಖ ನೋಡಿ ಸುಮ್ಮನಾದೆ. ಟೊಮೆಟೊ ಒಂದನ್ನು ಕೈಗೆತ್ತಿಕೊಂಡು ಅಂಗೈಯಿಂದ ಒರೆಸುತ್ತಲೇ ಇದ್ದಳು.

"ಡಾಗ್‌ವುಡ್ ಹೂ ಬಿಡ್ಲಿ, ಬಾ," ಎಂದಳು.

"ಅಲ್ಲೀತನಕ ಬದುಕಿರ್ತೀನಿ ಅಂತ ನನಗ್ಯಾರು ಬರ್ಕೊಟ್ಟಿದಾರೆ?"

"ಬದುಕಿರ್ತೀಯ. ನಿನ್ನಂಥೋನನ್ನ ಅಷ್ಟು ಬೇಗ ಯಾರೂ ಕರ್ಕೊಳಲ್ಲ."

ಅವನು ಟೋಪಿ ಹಾಕಿಕೊಂಡು ಹೋದ. ಗಾಡಿ ತಿರುವಿನಲ್ಲಿ ಮರೆಯಾಗುವ ತನಕ ಅವಳು ಅಲ್ಲಾಡಲಿಲ್ಲ. ಆಮೇಲೆ ನನ್ನ ಮೇಲೆ ಹರಿಹಾಯ್ದಳು: "ನೀನ್ಯಾಕಿನ್ನೂ ಕೂತಿದೀಯ? ಪೈ ಖಾಲಿಯಾಯ್ತು!" ಆ ವಾರವೇ ಸರಪಳಿ ಬಿತ್ತು. ಬೇರೆ ಯಾರಾದರೂ ಕೇಳಿದ್ದರೆ ಅವಳು ಕೊಟ್ಟ ಮಾತು ಮುರಿಯುತ್ತಿದ್ದಳೇನೋ. ಕೇಳಿದವನು ಆ ಮಡುವಿಗೆ ಈಟಿ ಹಾಕಿದವನೇ ಆಗಿದ್ದ.

ಜನವರಿಯ ಊಟದ ದಿನ ಹರ್ಶೆಲ್ ಬಾಣಲೆಯ ಮುಂದಿದ್ದ. ಆಗಷ್ಟೇ ಹೊಸ ದೋಣಿ ಕೊಂಡಿದ್ದ ಕೋಲ್ಟನ್ ಎಂಬ ಹಾರಾಟದ ಆಸಾಮಿ ತಟ್ಟೆ ಹಿಡಿದು ಬಂದು ಕೇಳಿದ: "ಹರ್ಶೆಲ್ ಮಾಮ, ಕ್ರ್ಯಾಬ್‌ಟ್ರೀಯವರ ಹಳೇ ತಿರುವು ಒಂದ್ಸಲ ನೋಡ್ಕೊಂಡ್ ಬರೋಣ್ವಾ? ನೆರೆ ಬಂದು ಮತ್ತೆ ಆಳ ಆಗಿರ್ಬಹುದು."

ಹರ್ಶೆಲ್ ಜಾಲರಿ ಸೌಟನ್ನು ಬಾಣಲೆಗೆ ಕುಟ್ಟಿದ. ಕೊಬ್ಬು ಸಿಡಿದು ಎಲ್ಲರೂ ಹಿಂದಕ್ಕೆ ಹಾರಿದರು.

"ಅಲ್ಲಿ ಹಾವು ಬಿಟ್ರೆ ಮತ್ತೇನೂ ಇಲ್ಲ. ನಾನು ನೋಡಿದೀನಿ. ನಿನ್ನ ದೋಣಿ ತಳ ಹರ್ಕೊಂಡು ನನ್ನ ಹತ್ರ ಅಳೋಕೆ ಬರ್ಬೇಡ. ಮುಚ್ಕೊಂಡು ತಿನ್ನು."

ಜೆಲ್ಲತ್ತೆ ಬರಬೇಡ ಎಂದ ಹೊಟ್ಟೆಯುರಿಗೆ ಅವಳ ಹೆಸರೆತ್ತಿದರೂ ಉರಿದುಬೀಳುತ್ತಾನೆ ಎಂದುಕೊಂಡೆ.

ಅದಾಗಿ ಕೆಲವೇ ದಿನಕ್ಕೆ ಭಾರಿ ಚಳಿ ಬಂತು. ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗದೆ ಒದ್ದಾಡುತ್ತಿದ್ದಾಗ ಮನೆಯಲ್ಲಿ ಫೋನು ಬಡಿದುಕೊಂಡಿತು. ಹರ್ಶೆಲ್.

"ಲೋ ಡಾಯ್ಲ್, ಜೆಲ್ಲಾ ಮನೆ ಒಲೆ ಹೊತ್ತಿಲ್ಲ. ನಿನ್ನೆ ಸಂಜೆಯಿಂದ ಹೊತ್ತಿಲ್ಲ. ಹೋಗಿ ನೋಡು."

ನಾನು ಫೋನು ಹಿಡಿದೇ ಕಿಟಕಿಯಿಂದ ನೋಡಿದೆ. ಅವಳ ಮನೆಯ ಕಡೆ ಮರಗಳ ಮೇಲೆ ಬೆಳ್ಳಗೆ ಏಳುತ್ತಿತ್ತು.

"ಕಣ್ಣು ಮಂಜಾಯ್ತಾ ಮಾಮ? ಹೊಗೆ ಹೋಗ್ತಾ ಇದೆಯಲ್ಲ! ಬೆಂಕಿ ಇಲ್ದೆ ಹೊಗೆ ಬರತ್ತಾ?"

"ಅದು ಒಲೆ ಹೊಗೆ ಅಲ್ಲ ಕಣೋ, ಮುಠ್ಠಾಳ. ಸರಪಳಿ ಕತ್ತರಿಸೋಕೆ ಏನಾದ್ರೂ ತಗೊಂಡ್ ಹೋಗು. ನಾನು ಸೇತುವೆ ಸುತ್ತಿ ಬರೋ ಅಷ್ಟ್ರಲ್ಲಿ ತಡ ಆಗತ್ತೆ. ಅದೂ ಅಲ್ದೆ ನಾನು ಬಂದ್ರೆ ಅವಳಿಗೆ ಆಗಲ್ಲ. ಹೋಗೋ!"

ಸರಪಳಿ ಕತ್ತರಿಸಿ ಒಳಗೆ ಹೋದೆ. ಜೆಲ್ಲತ್ತೆ ಅಡುಗೆಮನೆಯ ನೆಲದ ಮೇಲೆ ಬಿದ್ದಿದ್ದಳು. ಸೊಂಟದ ಮೂಳೆ ಮುರಿದಿತ್ತು. ಮೇಜುಬಟ್ಟೆಯನ್ನು ಎಳೆದು ಹೊದ್ದುಕೊಂಡಿದ್ದಳು, ತುಟಿ ನೀಲಿಯಾಗಿತ್ತು. ಮನೆಯೊಳಗೆ ಬಾಯಿಂದ ಆವಿ ಬರುವಷ್ಟು ಚಳಿ. ಆಂಬುಲೆನ್ಸಿಗೆ ಫೋನು ಮಾಡಿ, ಇದ್ದಬದ್ದ ಕಂಬಳಿಯೆಲ್ಲ ಹೊದಿಸಿ, ಸೌದೆಗೆಂದು ಹಿತ್ತಲ ಬಾಗಿಲು ತೆರೆದೆ.

ಅಲ್ಲಿ ಮಡು ಇತ್ತು. ಬಂಡೆಗೋಡೆಯ ಕೆಳಗೆ ಹಸಿರು ನೀರು, ಅದರ ತುಂಬ ಹಬೆ. ಅಂಚಿಗೆ ಹೋಗಿ ನೋಡಿದೆ. ತಳದಲ್ಲಿ, ಬಂಡೆಗಳ ನಡುವೆ, ನಮ್ಮ ಇಡೀ ನದಿ ಮಲಗಿತ್ತು. ಎಲ್ಲವೂ ಒಂದೇ ಕಡೆ ಮುಖ ಮಾಡಿ ಕಿವಿರು ಮೆಲ್ಲಗೆ ಆಡಿಸುತ್ತ ಸುಮ್ಮನಿದ್ದವು. ಬೇಸಿಗೆಯಲ್ಲಿ ಅದೇ ಮೀನನ್ನು ತೋರಿಸಿ ನಾನು ಹೊಟ್ಟೆ ಹೊರೆಯುತ್ತೇನೆ. ಅವು ಚಳಿಗಾಲಕ್ಕೆ ಎಲ್ಲಿ ಹೋಗುತ್ತವೆ ಎಂದು ಒಂದು ದಿನವೂ ಯೋಚಿಸಿರಲಿಲ್ಲ. ಸೌದೆ ಹೊತ್ತು ಒಳಗೆ ಬಂದಾಗ ಜೆಲ್ಲತ್ತೆ ನನ್ನ ಮುಖವನ್ನೇ ನೋಡುತ್ತಿದ್ದಳು.

"ನೋಡ್ಬಿಟ್ಯಾ?"

"ನೋಡ್ದೆ ಅತ್ತೆ."

"ಯಾರಿಗಾದ್ರೂ ಹೇಳಿದ್ರೆ ನಿನ್ನ ವಂಶ ನಿರ್ವಂಶ ಆಗ್ಲಿ."

"ಆಯ್ತು. ಈಗ ಮಾತಾಡ್ಬೇಡ."

ಒಲೆ ಹೊತ್ತಿಸಿದೆ. ಅವಳಿಗೆ ಸ್ವಲ್ಪ ಬಿಸಿ ತಾಗಿತು. ಇದ್ದಕ್ಕಿದ್ದಂತೆ ಕೇಳಿದಳು: "ನೀನ್ಯಾಕೆ ಬಂದೆ? ಇವತ್ತು ಸೌದೆ ದಿನ ಅಲ್ವಲ್ಲ."

"ಹರ್ಶೆಲ್ ಮಾಮ ಫೋನ್ ಮಾಡಿದ್ದ. ನಿನ್ನ ಒಲೆ ಹೊತ್ತಿಲ್ಲ, ಹೊಗೆ ಇಲ್ಲ ಅಂದ. ನಾನು ಇದೆಯಲ್ಲ ಅಂದೆ. ಅದು ಒಲೆ ಹೊಗೆ ಅಲ್ಲ ಅಂತ ಬೈದ."

ಅವಳು ಸೂರು ನೋಡುತ್ತ ಮಲಗಿದಳು. ಕಣ್ಣಿನಿಂದ ನೀರು ಕಿವಿಯ ಕಡೆಗೆ ಇಳಿಯತೊಡಗಿತು. ಸೊಂಟದ ನೋವು ಎಂದುಕೊಂಡು, ಈಗ ಬರ್ತಾರೆ ಅತ್ತೆ, ಈಗ ಬರ್ತಾರೆ ಅನ್ನುತ್ತಿದ್ದೆ.

"ದಡ್ಡ," ಎಂದಳು. "ಎರಡು ಇದೆ ಅಂತ ಗೊತ್ತಿದ್ದೋನಿಗೆ ತಾನೆ ಒಂದು ಇಲ್ಲ ಅಂತ ಕಾಣೋದು?"

ಆಗ ನನ್ನ ಮಂಡೆಗೆ ಹೊಳೆಯಿತು. ಅವನಿಗೆ ಗೊತ್ತಿತ್ತು. ಆರ್ವೆಲ್ ಮರ ಕೆಡವಿದ ಮೊದಲ ಚಳಿಗಾಲದಿಂದಲೂ ಗೊತ್ತಿದ್ದಿರಬೇಕು. ಅವನ ಜಗುಲಿಯಿಂದ ದಿನವೂ ಎರಡು ಹೊಗೆ ಕಾಣುತ್ತಿತ್ತು. ಈಟಿ ಕೆಳಗಿಟ್ಟದ್ದು, ಊಟವನ್ನು ತನ್ನ ದಂಡೆಗೆ ಎಳೆದುಕೊಂಡದ್ದು, ಹಾವಿನ ಸುಳ್ಳು, ಎಲ್ಲ ಅದಕ್ಕೇ. ಅವಳು ಈಚೆ ದಡದಲ್ಲಿ ಒಬ್ಬಳೇ ಕಾಯುತ್ತಿದ್ದೇನೆ ಎಂದುಕೊಂಡಿದ್ದಳು. ಅವನು ಆಚೆ ದಡದಲ್ಲಿ ಕೂತು ಅದನ್ನೇ ಕಾಯುತ್ತಿದ್ದ.

ಆಂಬುಲೆನ್ಸಿಗೆ ಹತ್ತಿಸುವಾಗ ಅವಳು ನನ್ನ ತೋಳು ಹಿಡಿದು ಹೇಳಿದಳು: "ಸರಪಳಿ ತೆಗೆದಿದೀನಿ ಅಂತ ಅವನ ಹತ್ರ ಹೇಳು."

ಸೇತುವೆ ಸುತ್ತಿ ಹೋಗಿ ಹೇಳಿದೆ. ಹರ್ಶೆಲ್ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡ.

"ಗೊತ್ತಿದ್ರೆ ಬಾಯ್ಬಿಟ್ಟು ಹೇಳೋಕೇನಾಗಿತ್ತು ನಿನಗೆ?" ಎಂದು ನಾನೇ ರೇಗಿದೆ.

"ಏನಂತ ಹೇಳ್ಲಿ? ಅವತ್ತು ನಿನ್ನ ಮೀನಿಗೆ ಈಟಿ ಹಾಕ್ದೋನಿಗೆ ಈಗ್ಲೂ ಅವು ಎಲ್ಲಿವೆ ಅಂತ ಗೊತ್ತು ಅಂತಾನಾ? ಅದನ್ನ ಕೇಳಿದ್ಮೇಲೆ ಅವಳು ಒಂದು ದಿನ ಕಣ್ಮುಚ್ಚಿ ಮಲಗ್ತಿದ್ಲಾ?"

"ಈಗ ಆಸ್ಪತ್ರೆಗೆ ಹೋಗಿ ನೋಡ್ಕೊಂಡ್ ಬಾ."

"ಆಸ್ಪತ್ರೇಲಿ ಹೆಂಗಸನ್ನ ಕಾಫಿಗೆ ಕೇಳ್ತಾರೇನೋ? ಮನೆಗೆ ಬರ್ಲಿ. ಅಲ್ಲೀತನಕ ದಿನಾ ಹೋಗಿ ಒಲೆ ಹಚ್ಚಿ ಬರ್ತೀನಿ, ನೀರಿನ ಪೈಪು ಒಡೀಬಾರ್ದು."

ನಾನು ಕತ್ತು ಹಿಡಿದು ಅವನನ್ನು ಗಾಡಿಗೆ ಹತ್ತಿಸಬೇಕಿತ್ತು ಎಂದು ಈಗ ಅನ್ನಿಸುತ್ತದೆ. ಆದರೆ ಅವನ ಮುಖದಲ್ಲಿ ಮದುವೆ ಗೊತ್ತಾದ ಹುಡುಗನ ಕಳೆಯಿತ್ತು. ಇನ್ನೇನು ವಾರಗಳ ಮಾತು ಅನ್ನಿಸಿತು. ದಿನವೂ ಬೆಳಿಗ್ಗೆ ಅವನ ಗಾಡಿ ಅವಳ ಗೇಟು ದಾಟಿ ಒಳಗೆ ಹೋಗುತ್ತಿತ್ತು. ಅಷ್ಟು ವರ್ಷ ಚಳಿಗಾಲದಲ್ಲಿ ಮುಚ್ಚಿದ್ದ ಮನೆಗೆ ಕೊನೆಗೂ ಹೋದ, ಅವಳಿಲ್ಲದಾಗ. ಅವಳ ಜಗುಲಿಯ ಮುರಿದ ಮೆಟ್ಟಿಲನ್ನೂ ಕೂರಿಸಿದ್ದ.

ಫೆಬ್ರವರಿಯ ಒಂದು ಬೆಳಿಗ್ಗೆ ಕಿಟಕಿಯಿಂದ ನೋಡಿದೆ. ಈಗ ನನಗೂ ಗೊತ್ತಾಗುತ್ತಿತ್ತು: ಬೆಳ್ಳಗೆ ತಗ್ಗಿನಲ್ಲಿ ಹರಡುವುದು ನೀರಿನದು, ನೀಲಿಗೆ ಮೇಲೇಳುವುದು ಒಲೆಯದು. ನೀಲಿ ಇರಲಿಲ್ಲ. ತಡವಾಗಿ ಎದ್ದಿರಬೇಕು ಎಂದುಕೊಂಡೆ. ಮಧ್ಯಾಹ್ನವಾದರೂ ಇರಲಿಲ್ಲ. ಏರಿನ ಮೇಲಿನ ಮನೆಗೆ ಹೋದಾಗ ಹರ್ಶೆಲ್ ಜಗುಲಿಯ ಕುರ್ಚಿಯಲ್ಲಿ ಕೋಟು ಟೋಪಿ ಹಾಕಿಕೊಂಡು, ಗಾಡಿಯ ಕೀಲಿ ಕೈಯಲ್ಲಿ ಹಿಡಿದು ಕೂತಿದ್ದ. ಹೃದಯ ನಿಂತು ಎಷ್ಟೋ ಹೊತ್ತಾಗಿತ್ತು.

ಜೆಲ್ಲತ್ತೆಗೆ ಆಸ್ಪತ್ರೆಯಲ್ಲಿ ನಾನೇ ಹೇಳಿದೆ. ಮಣ್ಣಿಗೆ ಬರಲು ಡಾಕ್ಟರು ಬಿಡಲಿಲ್ಲ. "ಒಲೆ ಹಚ್ಚೋಕೆ ಹೊರಟಿದ್ನಾ?" ಎಂದು ಒಂದೇ ಮಾತು ಕೇಳಿದಳು. ಹೌದು ಎಂದೆ. ಗೋಡೆಯ ಕಡೆ ತಿರುಗಿ ಮಲಗಿದಳು.

ಕೋಲು ಹಿಡಿದು ಮನೆಗೆ ಬಂದಾಗ ಡಾಗ್‌ವುಡ್ ಹೂ ಬಿಟ್ಟಿತ್ತು. ಮಡು ಖಾಲಿಯಾಗಿತ್ತು, ಮೀನೆಲ್ಲ ಜಲ್ಲಿಗೆ, ಬಂಡೆಗೆ, ತಮ್ಮ ತಮ್ಮ ಜಾಗಕ್ಕೆ ಹೋಗಿದ್ದವು. ಅವಳು ಹೊಸ ಮೆಟ್ಟಿಲ ಮೇಲೆ ನಿಂತು ಕೋಲಿನಿಂದ ಕುಟ್ಟಿ ನೋಡಿದಳು. ಗಟ್ಟಿ ಇತ್ತು. ಆ ಬೇಸಿಗೆ ದೋಣಿಯವರನ್ನು ಕೂಗಿ ಕರೆಯಲಿಲ್ಲ. ಬಂದವರಿಗೆ ಪೈ ಕೊಟ್ಟಳು, ಅಷ್ಟೆ. ನನ್ನ ಗಿರಾಕಿಗಳು ಸೇತುವೆಗೆ ಹೊತ್ತಿಗೆ ಸರಿಯಾಗಿ ಬರತೊಡಗಿದರು. ಅದು ನನಗೆ ಎಳ್ಳಷ್ಟೂ ಖುಷಿ ಕೊಡಲಿಲ್ಲ.

ಮತ್ತೆ ಎಲೆ ಉದುರಿತು. ನಾನು ಕತ್ತರಿಸಿದ ಸರಪಳಿಯ ಜಾಗಕ್ಕೆ ಹೊಸದು ಬಂತು. ಅದರ ಬೀಗದ ಒಂದು ಕೀಲಿ ನನ್ನ ಕೈಗೆ ಬಂತು, ಸೌದೆ ಈಗ ಹಿತ್ತಲಿಗೇ ಹೋಗುತ್ತಿತ್ತು.

ಜನವರಿಯಲ್ಲಿ ಒಂದು ಕೊರೆಯುವ ಬೆಳಿಗ್ಗೆ ಜೆಲ್ಲತ್ತೆ ಕೋಟು ಹಾಕಿಕೊಂಡು ಸಿದ್ಧಳಾಗಿ ಕೂತಿದ್ದಳು. ಒಲೆಗೆ ಹಸಿ ಓಕ್ ಸೌದೆ ತುರುಕಿದ್ದಳು.

"ಹಸೀದು ಯಾಕೆ ಹಾಕಿದೆ ಅತ್ತೆ? ಬರೀ ಹೊಗೆ ಆಗತ್ತೆ."

"ಆಗ್ಲಿ ಅಂತಾನೇ. ನಡಿ, ಹರ್ಶೆಲ್ ಮನೆಗೆ."

ಸೇತುವೆ ಸುತ್ತಿಕೊಂಡು ಏರು ಹತ್ತಿದೆವು. ಮನೆಗೆ ಬೀಗ ಹಾಕಿತ್ತು, ಜಗುಲಿಯ ಕುರ್ಚಿ ಇದ್ದಲ್ಲೇ ಇತ್ತು. ಎಲ್ಲರ ಜಗುಲಿಯ ಕುರ್ಚಿಯೂ ರಸ್ತೆಗೆ ಮುಖ ಮಾಡಿರುತ್ತದೆ. ಇದು ಅಡ್ಡಕ್ಕೆ, ನದಿಯ ಕಡೆಗೆ ತಿರುಗಿತ್ತು. ಕಾಲಿಡುವ ಕಡೆ ಹಲಗೆಯ ಬಣ್ಣ ಸವೆದು ಬಿಳಿಚಿಕೊಂಡಿತ್ತು. ಜೆಲ್ಲತ್ತೆ ನನ್ನ ಭುಜ ಹಿಡಿದು ನಿಧಾನಕ್ಕೆ ಅದರಲ್ಲಿ ಕೂತಳು.

ಕೆಳಗೆ ನದಿ, ಆಚೆಗೆ ಬೋಳು ಮರಗಳು, ಅವುಗಳ ನಡುವೆ ಅವಳ ಸೂರು. ಸೂರಿನಿಂದ ನೀಲಿ ಹೊಗೆ ಏಳುತ್ತಿತ್ತು. ಅದರ ಪಕ್ಕದಲ್ಲೇ ಬಿಳಿಯದು.

"ಇಷ್ಟು ಹತ್ರ ಕಾಣತ್ತಾ?" ಎಂದಳು.

"ಹೂಂ."

"ನಾನು ಹಿತ್ತಲಿಗೆ ಬಂದು ಹೋಗೋದೂ ಕಾಣ್ತಿತ್ತೇನೋ."

"ಕಾಣ್ತಿತ್ತು ಅನ್ಸತ್ತೆ."

"ಒಂದು ಕೈ ಎತ್ತಿದ್ರೆ ಆಗ್ತಿತ್ತಲ್ಲೋ, ಪಾಪಿ. ನಾನೂ ಎತ್ತುತಿದ್ದೆ."

ಅದು ನನಗೆ ಹೇಳಿದ ಮಾತಲ್ಲ. ನಾನು ಗಾಡಿಯ ಹತ್ತಿರ ಹೋಗಿ ನಿಂತೆ. ಚಳಿಗೆ ಕೈ ಮರಗಟ್ಟಿತು, ಅವಳು ಏಳಲಿಲ್ಲ. ಬಹಳ ಹೊತ್ತಿನ ಮೇಲೆ ನೀಲಿ ಹೊಗೆ ತೆಳ್ಳಗಾಗುತ್ತ ಬಂತು. ಎಳೆಯಷ್ಟಾಯಿತು, ಆಮೇಲೆ ಅದೂ ಇಲ್ಲ. ಬಿಳಿಯದೊಂದೇ ಉಳಿಯಿತು. ಅವಳು ಕೋಲು ಊರಿ ಎದ್ದಳು.

"ನನ್ನ ಒಲೆ ಆರಿತು," ಎಂದಳು. "ನೋಡಿ ಹೇಳೋರು ಯಾರಿದಾರೆ ಇನ್ನು? ನಡಿ, ಹೋಗಿ ಹಚ್ಚೋಣ."